ದಂಡಿನಲ್ಲಿ ಬೋಣಿ ಸವಾರಿ

ಪಾರ್ಕಿನ ಆಚೆ

ನಾನು ನೋಡಿದ ಒಂದೇ ಒಂದು ಪರದೇಶ ಚಾಮರಾಜಪೇಟೆಯ ನಮ್ಮ ಮನೆಯಿಂದ ಜಟಕಾದಲ್ಲಿ ಒಂದು ಗಂಟೆಯ ದಾರಿ. ಹಡಗು ಹತ್ತಲಿಲ್ಲ, ಪಾಸ್‌ಪೋರ್ಟು ಮಾಡಿಸಲಿಲ್ಲ. ಆದರೂ ಅದು ಪರದೇಶವೇ. ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ಪೇಟೆಯ ಕಡೆ ಮಹಾರಾಜರ ಆಳ್ವಿಕೆ. ಪಾರ್ಕು ದಾಟಿದರೆ ದಂಡು, ಬೆಂಗಳೂರಿನ ಕಂಟೋನ್ಮೆಂಟು. ಅಲ್ಲಿ ಬ್ರಿಟಿಷ್ ರೆಸಿಡೆಂಟರ ಆಳ್ವಿಕೆ. ಕೋರ್ಟು ಬೇರೆ, ಮುನಿಸಿಪಾಲಿಟಿ ಬೇರೆ, ಪೊಲೀಸಿನವರ ಪೇಟದ ಬಣ್ಣವೂ ಬೇರೆ ಇತ್ತೆಂದು ನನ್ನ ನೆನಪು. ನನ್ನ ಸೋದರತ್ತೆ ನಂಜಮ್ಮ ಇದನ್ನು ಒಪ್ಪುವುದಿಲ್ಲ. ಪೇಟವೆಲ್ಲ ಒಂದೇ, ಬೂಟಿನ ಸದ್ದು ಬೇರೆ ಇತ್ತು ಎನ್ನುತ್ತಾಳೆ. ಆ ದಿನಗಳಲ್ಲಿ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಆದ್ದರಿಂದ ಪೇಟದ ವಿಷಯದಲ್ಲಿ ಅವಳ ಮಾತನ್ನು ನಂಬಬೇಕಾಗಿಲ್ಲ. ಬೂಟಿನ ವಿಷಯದಲ್ಲಿ ನನ್ನ ಮಾತನ್ನು ನಂಬಬೇಕಾಗಿಲ್ಲ. ಇಡೀ ಬರಹವನ್ನು ಓದುಗರು ಹೀಗೆಯೇ ಪಾಲು ಮಾಡಿಕೊಂಡು ಓದುವುದು ಒಳ್ಳೆಯದು.

ನಾವು ಹೋದದ್ದು ಅವಳ ಕಣ್ಣಿಗಾಗಿ. ಅತ್ತೆ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವಳು. ಗಂಡ ಹೋದ ಮೇಲೆ ಯಾರ ಮನೆಯ ಅನ್ನಕ್ಕೂ ಕೈಚಾಚದೆ ಬದುಕಿದ್ದಳು. ನನ್ನನ್ನು ಸಾಕಿ ಓದಿಸಿ ಮೇಷ್ಟರನ್ನಾಗಿ ಮಾಡಿದ್ದೂ ಅದೇ ಯಂತ್ರ. ಮೊದಲು ಅವಳ ಎಡಗಣ್ಣಿಗೆ ಪೊರೆ ಬಂತು. ಮನೆಮನೆಗೆ ತಿರುಗುವ ಸೂಜಿ ವೈದ್ಯನೊಬ್ಬ ಜಗಲಿಯ ಮೇಲೇ ಕೂರಿಸಿ, ಸೂಜಿಯಿಂದ ಪೊರೆಯನ್ನು ಪಕ್ಕಕ್ಕೆ ತಳ್ಳಿದ. ಕೆಲವು ದಿನ ಕಂಡಿತು. ಆಮೇಲೆ ಕೀವು ತುಂಬಿ ಕಣ್ಣೇ ಹೋಯಿತು. ಈಗ ಬಲಗಣ್ಣಿಗೂ ಪೊರೆ ಬಂದಿತ್ತು. ಬೆಳಕು ಕತ್ತಲೆ ಎರಡು ಬಿಟ್ಟರೆ ಬೇರೇನೂ ಗೊತ್ತಾಗುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಅವಳು ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಅವಳು ಅತ್ತದ್ದನ್ನು ನಾನು ಕಂಡದ್ದು ಆ ದಿನ ಮಾತ್ರ.

ದಂಡಿನ ಕಾಕ್ಸ್ ಟೌನಿನಲ್ಲಿ ಬಿಳಿಯ ಡಾಕ್ಟರಮ್ಮನೊಬ್ಬಳು ಪೊರೆ ತೆಗೆಯುತ್ತಾಳೆ, ಕೈ ಬಹಳ ಹಗುರ ಎಂದು ಯಾರೋ ಹೇಳಿದರು. ಒಂದು ಕಣ್ಣು ಈಗಾಗಲೇ ಕಳೆದುಕೊಂಡವರಿಗೆ ಇನ್ನೊಂದನ್ನು ಒಪ್ಪಿಸುವುದು ಸುಲಭವಲ್ಲ. ಅತ್ತೆ ಬಹಳ ದಿನ ಯೋಚಿಸಿ, "ಹೋದ್ರೆ ಹೋಗ್ಲಿ, ಈಗೇನು ಇದೆ ಅಂತ. ನಡಿ" ಎಂದಳು. ನಾನು ಸ್ಕೂಲಿಗೆ ರಜೆ ಹಾಕಿ, ಅಲ್ಲಿಗೆ ಹತ್ತಿರದ ಹಲಸೂರಿನಲ್ಲಿ ಒಂದು ಕೋಣೆ ಗೊತ್ತುಮಾಡಿ ಅವಳನ್ನು ಹೊರಡಿಸಿದೆ.

ಇದ್ದಿಲ ಕಾರು

ನಮ್ಮ ಪೇಟೆಯ ಜಟಕಾದವನು ಪಾರ್ಕಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ, "ಇನ್ಮುಂದೆ ಅವರ ರಾಜ್ಯ ಸಾಮಿ, ನನ್ನ ಗಾಡಿಗೆ ಲೈಸೆನ್ಸ್ ಇಲ್ಲ" ಎಂದು ನಮ್ಮನ್ನು ಇಳಿಸಿಬಿಟ್ಟ. ನಿಜವಾಗಿಯೂ ಲೈಸೆನ್ಸ್ ಇರಲಿಲ್ಲವೋ, ಮನೆಗೆ ಊಟಕ್ಕೆ ಹೋಗಬೇಕಿತ್ತೋ. ಹಾಸಿಗೆಯ ಸುರುಳಿ, ಸ್ಟೋವು, ಕಣ್ಣು ಕಾಣದ ಅತ್ತೆ, ಇಷ್ಟನ್ನು ಇಟ್ಟುಕೊಂಡು ಗುಲ್‌ಮೊಹರ್ ಮರದ ಕೆಳಗೆ ನಿಂತಾಗ ಒಂದು ಟ್ಯಾಕ್ಸಿ ಬಂತು.

ಆಗ ಪೆಟ್ರೋಲು ಸೈನ್ಯಕ್ಕೆ. ಟ್ಯಾಕ್ಸಿಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಕಾರಿನ ಹಿಂದೆ ನೀರು ಕಾಯಿಸುವ ಹಂಡೆಯಂಥ ಒಂದು ಒಲೆ, ಅದರಿಂದ ಮುಂದಕ್ಕೆ ಹೋಗುವ ಕೊಳವೆಗಳು. ಡ್ರೈವರು ನಮ್ಮ ಕನ್ನಡ ಕೇಳಿದ ಕೂಡಲೇ ಒಂದು ಬಾಡಿಗೆ ಹೇಳಿದ. ಅದನ್ನು ಕೇಳಿ ಅತ್ತೆ, "ಕಾರಿನ ಬೆಲೆ ಕೇಳ್ಲಿಲ್ಲಪ್ಪ ನಾವು" ಎಂದಳು. ಅವನಿಗೆ ಕನ್ನಡ ಅಷ್ಟು ಬಾರದು, ನಕ್ಕ. ನಾವು ಹತ್ತಿದೆವು.

ಮಧ್ಯದ ಏರಿನಲ್ಲಿ ಕಾರು ನಿಂತಿತು. ಡ್ರೈವರು ಇಳಿದು ನನ್ನನ್ನೂ ಇಳಿಸಿ, ಒಲೆಯ ಪಕ್ಕದ ತಿರುಗಣೆಯನ್ನು ನನ್ನ ಕೈಗೆ ಕೊಟ್ಟು ಬೀಡಿ ಹಚ್ಚಿದ. ಬಾಡಿಗೆ ಕೊಡುವವನು ನಾನು, ಬೆಂಕಿ ಊದುವವನೂ ನಾನು. ಹೊಗೆ ಕಾರಿನೊಳಗೆ ನುಗ್ಗಿತು. ಅತ್ತೆ ಕೆಮ್ಮಿದಳು. ಹಲಸೂರು ಮುಟ್ಟುವವರೆಗೂ ಕೆಮ್ಮಿದಳು. ಇಳಿದ ಮೇಲೆ ಎದೆ ಹಿಡಿದುಕೊಂಡು, "ಸೀನ, ಈ ಒಲೇಲಿ ಇನ್ನೊಂದ್ಸಲ ನನ್ನ ಕೂರಿಸ್ಬೇಡ" ಎಂದಳು. ಅಲ್ಲಿಗೆ ಟ್ಯಾಕ್ಸಿಯ ಮಾತು ಮುಗಿಯಿತು.

ಹಲಸೂರು

ಕೋಣೆ ಕೊಟ್ಟವಳು ರಾಜಮ್ಮಾಳ್. ಬೆಳಗಿನ ಹೊತ್ತು ಬಾಗಿಲ ಮುಂದೆ ಒಲೆ ಇಟ್ಟುಕೊಂಡು ಆಪ್ಪ ಎಂಬ ಅಕ್ಕಿಯ ದೋಸೆ ಸುಟ್ಟು ಮಾರುತ್ತಿದ್ದಳು. ಮನೆಯ ಮಾತು ತಮಿಳು, ಅಂಗಡಿಯ ಮಾತು ದಖನಿ ಉರ್ದು, ನಮ್ಮೊಡನೆ ಅವಳೇ ಹದಮಾಡಿಕೊಂಡ ಒಂದು ಕನ್ನಡ. ಮೊದಲ ದಿನವೇ ಕೇಳಿದಳು: "ನೀವು ಸಿಟಿಯಾ? ಅಷ್ಟು ದೂರದಿಂದ ಯಾಕೆ ಬಂದ್ರಿ?" ದೂರ ಎಂದಾಗ ಅವಳ ದನಿಯಲ್ಲಿ ಇದ್ದ ಮರುಕ ನಿಜವಾದದ್ದು. ಅವಳು ಹುಟ್ಟಿದಂದಿನಿಂದ ಪಾರ್ಕು ದಾಟಿ ಪೇಟೆಗೆ ಹೋದವಳಲ್ಲ. ಪೇಟೆಯಲ್ಲಿ ನೀರು ಉಪ್ಪು, ಜನ ಜಿಪುಣರು ಎಂದು ಕೇಳಿದ್ದಳಂತೆ.

ನಮಗೂ ಅಲ್ಲಿ ಎಲ್ಲವೂ ಬೇರೆಯಾಗಿ ಕಂಡಿತು. ಬೆಳಗ್ಗೆ ಬ್ರೆಡ್ಡಿನವನು ತಲೆಯ ಮೇಲೆ ತಗಡಿನ ಪೆಟ್ಟಿಗೆ ಹೊತ್ತು ಬರುತ್ತಿದ್ದ. ಸೋಮೇಶ್ವರನ ಗುಡಿಯ ಗಂಟೆ ನಿಲ್ಲುವ ಹೊತ್ತಿಗೆ ಬ್ಯಾರಕ್ಕಿನ ಬ್ಯೂಗಲು ಏಳುತ್ತಿತ್ತು. ಗೋರಾ ಸೋಲ್ಜರುಗಳು ಬಾಳೆಹಣ್ಣನ್ನು ಚೌಕಾಸಿ ಮಾಡದೆ ಕೊಂಡು, ಸಿಪ್ಪೆ ಸುಲಿಯುತ್ತ ರಸ್ತೆಯ ನಡುವೆಯೇ ನಡೆಯುತ್ತಿದ್ದರು. ಚೌಕಾಸಿ ಮಾಡದ ಈ ಜನರಿಂದಲೇ ನಮ್ಮ ಕಷ್ಟ ಶುರುವಾದದ್ದು.

ಜಟಕಾ ಸ್ಟ್ಯಾಂಡಿನ ಕಾನೂನು

ಕೆರೆಯ ಈಚೆ ಒಂದು ಅರಳಿಮರದ ಕೆಳಗೆ ಜಟಕಾ ಸ್ಟ್ಯಾಂಡು. ಆಪರೇಷನ್ನಿಗೆ ಮುಂಚೆ ಕಣ್ಣಿಗೆ ಮದ್ದು ಹಾಕಿಸಲು ಅತ್ತೆಯನ್ನು ಮತ್ತೆಮತ್ತೆ ಕಾಕ್ಸ್ ಟೌನಿಗೆ ಕರೆದೊಯ್ಯಬೇಕಿತ್ತು. ಸ್ಟ್ಯಾಂಡಿನಲ್ಲಿ ಒಂದೇ ದಾರಿಗೆ ಮೂರು ಬಾಡಿಗೆ: ಹಲಸೂರಿನವರಿಗೆ ಒಂದು, ಸೋಲ್ಜರಿಗೆ ಒಂದು, ಪೇಟೆಯವರಿಗೆ ಇವೆರಡರ ನಡುವೆ ಎಲ್ಲಿ ಬೇಕಾದರೂ ನಿಲ್ಲುವಂಥದು ಒಂದು. ನಾವು ಬಾಯಿ ತೆರೆದರೆ ಸಾಕು, ಕನ್ನಡ ಕೇಳಿಸುತ್ತಿತ್ತು, ಬಾಡಿಗೆ ಏರುತ್ತಿತ್ತು. ಬೆಂಗಳೂರಿನಲ್ಲಿ ಕನ್ನಡ ಮಾತಾಡಿ ಪರದೇಶಿಯಾಗುವ ಅನುಭವ ಎಲ್ಲರಿಗೂ ಸಿಗುವುದಿಲ್ಲ.

ಒಂದು ದಿನ ನಾನು ಪಂಚೆ ಬಿಟ್ಟು ಷರಾಯಿ ತೊಟ್ಟು, ಹೆಡ್‌ಮಾಸ್ತರರಿಂದ ತಂದಿದ್ದ ಹ್ಯಾಟು ಇಟ್ಟುಕೊಂಡು ಇಂಗ್ಲಿಷಿನಲ್ಲಿ ಕೇಳಿದೆ. ಗಾಡಿಯವನು ಎದ್ದು ನಿಂತು ಸಲಾಮು ಹೊಡೆದು ಸೋಲ್ಜರಿನ ಬಾಡಿಗೆ ಹೇಳಿದ. ಹ್ಯಾಟು ಮರುದಿನ ಪೆಟ್ಟಿಗೆ ಸೇರಿತು.

ಪೇಟೆಯಲ್ಲಿ ನಮಗೆ ಗೊತ್ತಿದ್ದ ಪದ್ಧತಿ ಬೇರೆ. ಗಾಡಿಯವನು ಹೇಳುತ್ತಾನೆ, ನಾವು ನಗುತ್ತೇವೆ, ತಿರುಗಿ ನೋಡದೆ ನಡೆದುಬಿಡುತ್ತೇವೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನೇ ಹಿಂದಿನಿಂದ ಕೂಗುತ್ತಾನೆ. ಹಲಸೂರಿನಲ್ಲಿ ನಾನು ಹೀಗೆ ನಡೆದೆ. ಯಾರೂ ಕೂಗಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು ಬಿಸಿಲಿನಲ್ಲಿ ಎರಡನೆಯ ಗಾಡಿಗೆ ಹೋದರೆ ಅವನು ಇನ್ನಷ್ಟು ಹೆಚ್ಚು ಹೇಳಿದ, ಮೂರನೆಯವನು ಅದಕ್ಕಿಂತ ಹೆಚ್ಚು. ಸಾಲಿನಲ್ಲಿ ಮುಂದಿರುವವನು ಹೇಳಿದ್ದಕ್ಕಿಂತ ಹಿಂದಿರುವವನು ಕಡಿಮೆ ಹೇಳಕೂಡದು ಎಂಬುದು ಆ ಸ್ಟ್ಯಾಂಡಿನ ಕಾನೂನು. ಕಡಿಮೆ ಹೇಳಿದವನನ್ನು ಸಾಲಿನಿಂದಲೇ ತೆಗೆದುಬಿಡುತ್ತಾರೆ. ನಾವು ಮತ್ತೆ ಮೊದಲನೆಯವನ ಹತ್ತಿರ ಬಂದೆವು. ಅವನ ಹೆಸರು ಬಾಷಾ. ನರೆತ ಗಡ್ಡ, ಬಾಯಿ ತುಂಬ ಎಲೆ ಅಡಿಕೆ.

"ಹಲಸೂರಿನೋರಿಗೆ ಒಂದು ರೇಟು, ನಮಗೆ ಒಂದು. ಇದು ನ್ಯಾಯವೇನ್ರಿ?" ಎಂದೆ.

"ಹಲಸೂರಿನೋರು ದಿನಾ ಬರ್ತಾರೆ ಸಾಮಿ. ಅವ್ರ ಮಗಳ ಮದ್ವೆಗೂ ನಾನೇ ಗಾಡಿ ಕಟ್ಬೇಕು, ಅವ್ರ ಅಪ್ಪ ಸತ್ರೂ ನಾನೇ ಕಟ್ಬೇಕು. ನೀವು ಕಣ್ಣು ಮಾಡಿಸ್ಕೊಂಡು ಊರಿಗೆ ಹೊರಟೋಗ್ತೀರಿ. ಆಮೇಲೆ ನಾನು ಯಾರ್ನ ಕೇಳ್ಲಿ?"

"ನಾನೂ ಸಾಯೋತನಕ ಇಲ್ಲೇ ಇರ್ತೀನಿ ಅಂತ ಬರ್ಕೊಡ್ಲಾ?" ಎಂದಳು ಅತ್ತೆ.

"ಬೇಡಮ್ಮ. ಬಾಡಿಗೆ ಕೊಡಿ, ಸಾಕು."

ಕೊಟ್ಟೆವು. ಅತ್ತೆಗೆ ದುಡ್ಡಿಗಿಂತ ಹೆಚ್ಚು ಚುಚ್ಚಿದ್ದು ಬೇರೆಯೇ. ರಾತ್ರಿ ಊಟ ಮಾಡುವಾಗ ಹೇಳಿದಳು: "ಕುರುಡಿ ಅಂತ ಮೋಸ ಮಾಡಿದ್ರೆ ಬೈದು ಸುಮ್ನಾಗ್ತಿದ್ದೆ. ಬೇರೆ ಊರೋಳು ಅಂತ ಮಾಡ್ತಾನಲ್ಲ. ಬೆಂಗಳೂರಲ್ಲೇ ಹುಟ್ಟಿದೀನಿ ನಾನು."

ಬೋಣಿ

ದಾರಿ ತೋರಿಸಿದವಳು ರಾಜಮ್ಮಾಳ್. ಆಪ್ಪದ ಮೊದಲ ಕಾಸನ್ನು ಅವಳು ಕಣ್ಣಿಗೊತ್ತಿ ಒಲೆಗೆ ನಿವಾಳಿಸಿ ಸೆರಗಿಗೆ ಕಟ್ಟುತ್ತಿದ್ದಳು. ಬೋಣಿ ಎಂದರೆ ನಮಗೂ ಗೊತ್ತು. ನಮ್ಮ ಚಿಕ್ಕಪೇಟೆಯ ಅಂಗಡಿಯವರು, "ಬೋಣಿ ಸಾರ್, ಹಾಗೇ ಹೋಗ್ಬೇಡಿ" ಎಂದು ಗಿರಾಕಿಯನ್ನು ಕಟ್ಟಿಹಾಕುತ್ತಾರೆ. ಪೇಟೆಯಲ್ಲಿ ಬೋಣಿ ಕೊಳ್ಳುವವನ ಕಾಲಿಗೆ ಹಗ್ಗ. ಇಲ್ಲಿ ಹಗ್ಗ ಇನ್ನೊಂದು ಕಡೆಗಿತ್ತು.

"ಬಾಷಾ ಮೊದಲ್ನೇ ಸವಾರಿನ ವಾಪಸ್ ಕಳ್ಸಲ್ಲ ಸಾರ್," ಎಂದಳು ಆಪ್ಪ ಎಬ್ಬಿಸುತ್ತ. "ಕಳ್ಸಿದ್ರೆ ಅವತ್ತು ಪೂರಾ ಗಾಡಿ ಖಾಲಿ ನಿಲ್ಲತ್ತೆ ಅಂತ ಅವನಿಗೆ ಭಯ. ಯಾರೇ ಬರ್ಲಿ, ಎಷ್ಟೇ ಕೊಡ್ಲಿ, ತಗೋಬೇಕು. ನೀವು ಯಾಕೆ ಬಿಸ್ಲೇರಿದ್ಮೇಲೆ ಹೋಗ್ತೀರಿ? ಬೆಳಿಗ್ಗೇನೇ ಹೋಗಿ ನಿಂತ್ಕೊಳ್ಳಿ."

ಮುಂದಿನ ಸಲ ಸೂರ್ಯ ಹುಟ್ಟುವ ಹೊತ್ತಿಗೆ ಅರಳಿಮರದ ಕೆಳಗಿದ್ದೆವು. ಬಾಷಾ ಗಾಡಿಗೆ ಹುಲ್ಲು ಹಾಸುತ್ತಿದ್ದ. ಅತ್ತೆ ಬಾಡಿಗೆಯನ್ನು ಮುಷ್ಟಿಯಲ್ಲಿಟ್ಟುಕೊಂಡು ಬಂದಿದ್ದಳು. ನಾನು ಇನ್ನೂ ಕಡಿಮೆ ಕೊಡೋಣ ಎಂದಿದ್ದೆ. ಅವಳು ಒಪ್ಪಿರಲಿಲ್ಲ. "ಹಲಸೂರಿನೋರು ಎಷ್ಟು ಕೊಡ್ತಾರೋ ಅಷ್ಟು. ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಮ್ಮಿ ಇಲ್ಲ."

"ಬೋಣಿ," ಎಂದು ಕೈಚಾಚಿದಳು.

ಬಾಷಾ ಆ ಕೈಯನ್ನೂ ನನ್ನ ಮುಖವನ್ನೂ ನೋಡಿದ. "ಯಾರು ಹೇಳ್ಕೊಟ್ಟಿದ್ದು? ಆ ಆಪ್ಪದ ಅಮ್ಮಾನಾ?"

"ಯಾರಾದ್ರೇನು. ಇಲ್ಲ ಅಂತೀಯಾ?"

ಅವನು ದುಡ್ಡು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಸಾಲಿನಲ್ಲಿದ್ದ ಉಳಿದ ಗಾಡಿಯವರು ಗೊಳ್ಳೆಂದು ನಕ್ಕರು. "ಏ ಬಾಷಾ ಭಾಯ್, ಸಿಟಿ ಅಮ್ಮ ನಿನ್ನ ಲಗಾಮು ಹಿಡಿದ್ಬಿಟ್ರಲ್ಲೋ," ಎಂದ ಒಬ್ಬ.

ಆ ಬೆಳಗಿನ ಸವಾರಿಯಷ್ಟು ಸುಖ ನಮಗೆ ಪೇಟೆಯ ಯಾವ ಗಾಡಿಯಲ್ಲೂ ಸಿಕ್ಕಿರಲಿಲ್ಲ. ಕುದುರೆ ಹಾರಿತು ಎಂದರೆ ತಪ್ಪಿಲ್ಲ. ಕೆರೆಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅತ್ತೆ ಗೆದ್ದ ಖುಷಿಯಲ್ಲಿ ಗಾಡಿಯ ಕಂಬಿ ಹಿಡಿದುಕೊಂಡು ನಗುತ್ತಿದ್ದಳು. ಹೀಗೆ ಬರೆದಾಗ ಅದು ಒಂದೇ ಬೆಳಗಿನಂತೆ ಕಾಣುತ್ತದೆ. ಬೋಣಿ ಸವಾರಿ ನಾವು ಹಲವು ಸಲ ಮಾಡಿದೆವು, ಅವೆಲ್ಲವೂ ನನ್ನಲ್ಲಿ ಒಂದಾಗಿ ಕೂಡಿಕೊಂಡಿವೆ. ಕುದುರೆ ಕಂದೋ ಬೂದಿಯೋ ಎಂದು ಕೇಳಿದರೆ ಪ್ರಮಾಣ ಮಾಡಿ ಹೇಳಲಾರೆ. ಅದು ಪ್ರತಿ ಸಲವೂ ಹಾರಿತು ಎಂಬುದು ಮಾತ್ರ ಖಂಡಿತ. ಅದು ಯಾಕೆ ಹಾರುತ್ತದೆ ಎಂದು ನಮ್ಮಿಬ್ಬರಲ್ಲಿ ಒಬ್ಬರೂ ಯೋಚಿಸಲಿಲ್ಲ.

ಕಾಕ್ಸ್ ಟೌನ್

ಡಾಕ್ಟರಮ್ಮ ಸ್ಕಾಟ್ಲೆಂಡಿನವಳೋ ಐರ್ಲೆಂಡಿನವಳೋ, ನಾನು ಕೇಳಲಿಲ್ಲ. ಹೆಂಚಿನ ಮನೆಯೊಂದರ ವರಾಂಡವೇ ಆಸ್ಪತ್ರೆ. ಅವಳಿಗೆ ಕನ್ನಡ ಬಾರದು. ತಮಿಳಿನಲ್ಲಿ ಮಲಗು, ನೋಡು, ಅಲ್ಲಾಡಬೇಡ ಎಂಬ ಮೂರು ಮಾತು ಬರುತ್ತಿದ್ದವು. ಆ ಕೆಲಸಕ್ಕೆ ಅಷ್ಟೇ ಸಾಕು ಎಂದು ನನಗೆ ಆಮೇಲೆ ಗೊತ್ತಾಯಿತು.

ಪೊರೆ ತೆಗೆದರು. ಅತ್ತೆ ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟುಕೊಂಡು, ಎರಡೂ ಕಣ್ಣಿಗೆ ಕಟ್ಟು ಹಾಕಿಸಿಕೊಂಡು ದಿನಗಟ್ಟಲೆ ಮಲಗಿದಳು. ಆಮೇಲೆ ಮಂಚ ಬೇರೆಯವರಿಗೆ ಬೇಕಾಯಿತು. ಡಾಕ್ಟರಮ್ಮ ತನ್ನ ಕಾರಿನಲ್ಲೇ ಅವಳನ್ನು ಆಮೆಯ ನಡಿಗೆಯಲ್ಲಿ ಹಲಸೂರಿಗೆ ತಂದು ಬಿಟ್ಟಳು. ಪೆಟ್ರೋಲಿನ ರೇಷನ್ನು ಅಲ್ಲಿಗೆ ಮುಗಿಯಿತು, ಕಟ್ಟು ಬಿಚ್ಚುವ ದಿನ ನೀವೇ ಕರೆತನ್ನಿ, ಮಧ್ಯಾಹ್ನದೊಳಗೆ ಯಾವಾಗಲಾದರೂ ಸರಿ ಎಂದಳು. ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದಳು: ಗಾಯ ಇನ್ನೂ ಪೂರ್ತಿ ಕೂಡಿಲ್ಲ, ಕೆಮ್ಮಬಾರದು, ಬಗ್ಗಬಾರದು, ತಲೆ ಕುಲುಕಬಾರದು. ಒಂದು ಕುಲುಕಿಗೆ ಒಳಗಿನದೆಲ್ಲ ಹೊರಗೆ ಬರುತ್ತದೆ, ಆಮೇಲೆ ನಾನೂ ಏನೂ ಮಾಡಲಾರೆ.

ಅತ್ತೆಗೆ ಇದನ್ನು ಕನ್ನಡದಲ್ಲಿ ಹೇಳಿದಾಗ, "ಹೊಲಿಗೆ ಬಿಚ್ಕೊಳ್ಳತ್ತೆ ಅನ್ನು" ಎಂದಳು. ಅಂದಿನಿಂದ ಅವಳು ನಗುವುದನ್ನೂ ಬಿಟ್ಟಳು. ರಾಜಮ್ಮಾಳ್ ಏನಾದರೂ ತಮಾಷೆಯ ಮಾತು ಆಡಲು ಬಂದರೆ ಕೈ ಎತ್ತಿ ತಡೆಯುತ್ತಿದ್ದಳು.

ಕಟ್ಟು ಬಿಚ್ಚುವ ದಿನ

ಆ ದಿನವೂ ನಾವು ಬೋಣಿಗೇ ಹೋದೆವು. ಬೆಳಗಿನ ತಂಪಿನಲ್ಲಿ, ರಸ್ತೆಯಲ್ಲಿ ಜನ ಕಡಿಮೆ ಇರುವಾಗ ಹೋಗುವುದೇ ಮೇಲು ಎಂದು ನನ್ನ ಲೆಕ್ಕ. ಕಣ್ಣು ಬರುವ ದಿನ ಪರದೇಶಿಯ ಬಾಡಿಗೆ ಕೊಟ್ಟು ಹೋಗಲಾರೆ ಎಂದು ಅತ್ತೆಯ ಹಟ. ಅವಳನ್ನು ನಿಧಾನವಾಗಿ ನಡೆಸಿಕೊಂಡು ಅರಳಿಮರದ ಕೆಳಗೆ ತಂದಾಗ ಬಾಷಾ ಅವಳ ಕಣ್ಣಿನ ಕಟ್ಟು ನೋಡಿದ, ತನ್ನ ಕುದುರೆಯನ್ನು ನೋಡಿದ.

"ಇವತ್ತು ಈಗ ಬೇಡಮ್ಮ. ಬಿಸ್ಲೇರಲಿ. ನಾನೇ ಮನೆ ಹತ್ರ ಬರ್ತೀನಿ."

"ಬಿಸ್ಲೇರಿದ್ಮೇಲೆ ಬೋಣಿ ಇರಲ್ಲ ಅಲ್ವಾ?"

"ಬೋಣಿ ಮಾತಲ್ಲಮ್ಮ ಇದು."

"ಮತ್ತೇನು ಮಾತು? ಹೇಳು."

ಅವನು ತಲೆ ತಿರುಗಿಸಿ ಸಾಲಿನ ಕಡೆ ನೋಡಿದ. ಹಿಂದೆ ಉಳಿದ ಗಾಡಿಯವರೆಲ್ಲ ನಿಂತು ಕೇಳುತ್ತಿದ್ದರು. ಅತ್ತೆ ನನ್ನ ತೋಳು ಒತ್ತಿ, "ಕಳ್ಳ, ತಪ್ಪಿಸ್ಕೊಳ್ಳೋಕೆ ನೋಡ್ತಿದಾನೆ" ಎಂದಳು. ನನಗೂ ಹಾಗೆಯೇ ಅನ್ನಿಸಿತ್ತು. ಅವಳು ಮುಷ್ಟಿ ಚಾಚಿದಳು.

"ಬೋಣಿಗೆ ಬಂದಿದೀನಿ. ಇಲ್ಲ ಅನ್ನೋದಾದ್ರೆ ಬಾಯಿಬಿಟ್ಟು ಅನ್ನು."

ಬಾಷಾನ ಬಾಯಿಂದ ಆ ಮಾತು ಬರುವಂತಿರಲಿಲ್ಲ. ದುಡ್ಡು ತೆಗೆದುಕೊಂಡ. ಈ ಸಲ ಕಣ್ಣಿಗೊತ್ತಿಕೊಂಡದ್ದು ಎಂದಿಗಿಂತ ಹೆಚ್ಚು ಹೊತ್ತು. ಗಾಡಿಗೆ ಇನ್ನೊಂದು ಹೊರೆ ಹುಲ್ಲು ಹಾಸಿ, ಅದರ ಮೇಲೆ ತನ್ನ ಕಂಬಳಿ ಹಾಕಿ ಅತ್ತೆಯನ್ನು ಅಂಗಾತ ಮಲಗಿಸಿದ. ತಲೆ ನನ್ನ ತೊಡೆಯ ಮೇಲೆ. "ಎರಡು ಕೈಯಲ್ಲೂ ಹಿಡ್ಕೊಳ್ಳಿ ಸಾಮಿ. ಬಿಡ್ಬೇಡಿ," ಎಂದು ಮುಂದೆ ಹತ್ತಿ ಕೂತ.

ಕೆರೆಯ ಏರಿ

ಮೊದಲು ಎಲ್ಲವೂ ಸರಿಯಾಗಿತ್ತು. ಬಾಷಾ ಲಗಾಮನ್ನು ಎದೆಗೆ ಎಳೆದುಕೊಂಡು, ಕುದುರೆಗೆ ಏನೋ ಹೇಳುತ್ತ ನಡೆಸಿದ. ಕುದುರೆ ಕತ್ತು ಕೊಡವುತ್ತಿತ್ತು, ಅಡ್ಡಡ್ಡ ಹೆಜ್ಜೆ ಹಾಕುತ್ತಿತ್ತು. ಏರಿಯ ಮೇಲೆ ಬಂದಾಗ ಹಿಂದಿನಿಂದ ಮಿಲಿಟರಿ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ದಾಟುವಾಗ ಅದರ ಹೊಗೆಕೊಳವೆ ಬಂದೂಕಿನಂತೆ ಸಿಡಿಯಿತು.

ಕುದುರೆ ಓಡಿತು.

ಎಷ್ಟು ದೂರ ಓಡಿತೋ ಹೇಳಲಾರೆ. ಅಲ್ಲಿಗೆ ಆಮೇಲೆ ಹೋಗಿ ನೋಡಿದರೆ ಅದು ಬಹಳ ಚಿಕ್ಕ ದೂರ. ಅಂದು ಅದಕ್ಕೆ ಕೊನೆಯೇ ಇರಲಿಲ್ಲ. ಗಾಡಿಯ ಚಕ್ರ ಒಂದೊಂದು ಕಲ್ಲಿಗೂ ಎಗರುತ್ತಿತ್ತು. ನಾನು ಅತ್ತೆಯ ತಲೆಯನ್ನು ತೊಡೆಯಿಂದ ಮೇಲಕ್ಕೆ ಎತ್ತಿ, ತುಂಬಿದ ಬಿಂದಿಗೆ ಹಿಡಿದಂತೆ ಎರಡು ಅಂಗೈಯಲ್ಲಿ ಹಿಡಿದೆ. ಕುಲುಕು ನನ್ನ ಮೊಣಕೈಯಲ್ಲೇ ನಿಲ್ಲಲಿ, ಅಲ್ಲಿಂದ ಮುಂದೆ ಹೋಗದಿರಲಿ ಎಂದು. ನನ್ನ ಬೆನ್ನು ಗಾಡಿಯ ಕಂಬಿಗೆ ಮತ್ತೆಮತ್ತೆ ಬಡಿಯಿತು.

"ಸೀನ," ಎಂದಳು ಅತ್ತೆ, ಅಡಿಗೆಮನೆಯಿಂದ ಮಾತಾಡುವ ದನಿಯಲ್ಲಿ, "ತಲೆ ಬಿಡ್ಬೇಡ. ಬೇರೆ ಏನು ಮುರಿದ್ರೂ ಮುರೀಲಿ."

ಬಾಷಾ ಗಾಡಿಯಿಂದ ಹಾರಿದ್ದನ್ನು ನಾನು ನೋಡಲಿಲ್ಲ. ನೋಡಿದಾಗ ಅವನು ಕುದುರೆಯ ಪಕ್ಕದಲ್ಲಿ ಓಡುತ್ತಿದ್ದ. ಕಡಿವಾಣಕ್ಕೆ ಜೋತುಬಿದ್ದು, ಕಾಲು ನೆಲಕ್ಕೆ ಉಜ್ಜುತ್ತ, ತನ್ನ ಭಾರವನ್ನೆಲ್ಲ ಕುದುರೆಯ ಬಾಯಿಗೆ ಹಾಕಿದ್ದ. ಗಾಡಿ ನಿಧಾನವಾಯಿತು. ನಿಂತಿತು. ಕೆರೆಯಲ್ಲಿ ಬಟ್ಟೆ ಒಗೆಯುವವರು ಕಲ್ಲಿಗೆ ಬಡಿಯುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು.

ಅತ್ತೆಯ ಕಟ್ಟಿನ ಕೆಳಗಿನಿಂದ ನೀರು ಇಳಿದು ಕಿವಿಯವರೆಗೆ ಹರಿದಿತ್ತು.

ನಾನು ಅದನ್ನು ಅವಳಿಗೆ ಹೇಳಲಿಲ್ಲ. ಬಾಷಾನೂ ನೋಡಿದ. ಅವನ ಮಂಡಿ ಕಿತ್ತು ರಕ್ತ ಬರುತ್ತಿತ್ತು. ಅವನು ಮತ್ತೆ ಗಾಡಿ ಹತ್ತಲಿಲ್ಲ. ಕುದುರೆಯ ಮುಂದೆ ತಾನೇ ನಿಂತು, ಹಿಂದಕ್ಕೆ ಹೆಜ್ಜೆ ಹಾಕುತ್ತ, ಅದರ ಮುಖವನ್ನು ಎದೆಗೆ ಒತ್ತಿಕೊಂಡು ಕಾಕ್ಸ್ ಟೌನಿನವರೆಗೂ ನಡೆಸಿದ.

ದಾರಿಯಲ್ಲಿ ನಾನು ಮೆಲ್ಲಗೆ ಕೇಳಿದೆ: "ಏನಾಯ್ತು ಇದಕ್ಕೆ?"

"ಏನೂ ಆಗಿಲ್ಲ. ರಾತ್ರಿಯೆಲ್ಲ ಕಟ್ಟಾಕಿರ್ತೀನಿ, ಬೆಳಿಗ್ಗೆ ಯಾವಾಗ್ಲೂ ಹಿಂಗೇ. ಎರಡು ಸವಾರಿ ಆದ್ಮೇಲೇನೇ ಅದು ನನ್ನ ಮಾತು ಕೇಳೋದು."

"ಅದನ್ನ ಅಲ್ಲೇ ಹೇಳ್ಬಾರ್ದಿತ್ತಾ?"

"ಎಲ್ಲಾರೂ ನಿಂತಿದ್ರಲ್ಲ ಸಾಮಿ. ನನ್ನ ಕುದ್ರೆ ನನ್ನ ಮಾತು ಕೇಳಲ್ಲ ಅಂತ ಆ ನನ್ಮಕ್ಕಳ ಮುಂದೆ ಹೇಳ್ಲಾ? ನಾಳೆಯಿಂದ ಯಾರು ಹತ್ತಾರೆ ನನ್ನ ಗಾಡಿ?"

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದಿತ್ತೋ ಏನೋ. ಆಗ ನಾನು ನೋಡುತ್ತಿದ್ದದ್ದು ಆ ಒದ್ದೆಯ ಗೆರೆಯನ್ನು ಮಾತ್ರ.

ವರಾಂಡ

ಡಾಕ್ಟರಮ್ಮ ಮುಖದ ಬಣ್ಣ ಬದಲಾಗದಂತೆ ಎಲ್ಲವನ್ನೂ ಕೇಳಿದಳು. ಅತ್ತೆಯನ್ನು ಒಳಗೆ ಕತ್ತಲೆಯ ಕೋಣೆಗೆ ಕರೆದೊಯ್ದು ಮಲಗಿಸಿದಳು. ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದಳು. ಹತ್ತಿಯನ್ನು ಒಂದೊಂದು ಪದರವಾಗಿ ನೆನೆಸಿ ಬಿಡಿಸಿದಳು. ಕೊನೆಯ ಪದರ ಬಂದಾಗ ನಾನು ಗೋಡೆಯ ಕಡೆ ತಿರುಗಿದೆ.

ಬಹಳ ಹೊತ್ತು ಡಾಕ್ಟರಮ್ಮನ ಕೈಯ ಪುಟ್ಟ ದೀಪದ ಬೆಳಕು ಗೋಡೆಯ ಮೇಲೆ ಅಲ್ಲಾಡುತ್ತಿತ್ತು. ಆಮೇಲೆ ಅವಳು ತನ್ನ ಭಾಷೆಯಲ್ಲಿ, ನನಗಲ್ಲ, ತನಗೆ ತಾನೇ ಎಂಬಂತೆ ಹೇಳಿದಳು: ಬರೀ ಕಣ್ಣೀರು. ಗಾಯ ಕೂಡಿದೆ.

ನಾನು ಅಲ್ಲೇ ನೆಲದ ಮೇಲೆ ಕೂತೆ. ಆ ನೆಲದ ತಂಪು ಈಗಲೂ ನನಗೆ ತಿಳಿಯುತ್ತದೆ. ಉಳಿದ ನೆನಪುಗಳನ್ನು ಯಾರಾದರೂ ತಿದ್ದಬಹುದು, ಅದನ್ನು ತಿದ್ದಲು ಆಗುವುದಿಲ್ಲ.

ಡಾಕ್ಟರಮ್ಮ ಕಿಟಕಿಯ ಪರದೆಯನ್ನು ಸ್ವಲ್ಪ ಸರಿಸಿ, ಶೀಸೆಯ ತಳದಷ್ಟು ದಪ್ಪ ಗಾಜಿನ ಕನ್ನಡಕವೊಂದನ್ನು ಅತ್ತೆಗೆ ಹಾಕಿ ತಮಿಳಿನಲ್ಲಿ "ನೋಡು" ಎಂದಳು. ಅತ್ತೆ ನೋಡಿದಳು. ಗೋಡೆ ನೋಡಿದಳು, ತನ್ನ ಅಂಗೈ ನೋಡಿದಳು, ಆಮೇಲೆ ಡಾಕ್ಟರಮ್ಮನ ಮುಖವನ್ನು ಹತ್ತಿರದಿಂದ ನೋಡಿದಳು.

"ಅಯ್ಯೋ ಪಾಪ. ಮುಖದ ತುಂಬ ರಾಗಿ ಚೆಲ್ಲಿದ ಹಾಗಿದೆಯಲ್ಲೋ ಇವಳಿಗೆ."

ಏನೆಂದಳು ಎಂದು ಡಾಕ್ಟರಮ್ಮ ನನ್ನನ್ನು ಕೇಳಿದಳು. ಚೆನ್ನಾಗಿ ಕಾಣುತ್ತಿದೆಯಂತೆ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಡಾಕ್ಟರಮ್ಮ ನಕ್ಕಳು, ಅತ್ತೆಯೂ ನಗಲು ಹೋಗಿ ಹೆದರಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇನ್ನು ನಗಬಹುದು ಎಂದು ಡಾಕ್ಟರಮ್ಮ ಹೇಳಿದ ಮೇಲೆ ಒಬ್ಬಳೇ ಕೂತು, ಮೆಲ್ಲಗೆ, ಸ್ವಲ್ಪಸ್ವಲ್ಪವೇ ನಕ್ಕಳು.

ವಾಪಸು

ಬಾಷಾ ಹೋಗಿರಲಿಲ್ಲ. ಗೇಟಿನ ಹೊರಗೆ ಬೇವಿನ ನೆರಳಿನಲ್ಲಿ ಕುದುರೆಗೆ ಹುಲ್ಲು ಹಾಕಿ, ಮಂಡಿಗೆ ಬಟ್ಟೆ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದ. ಅಷ್ಟು ಹೊತ್ತು ಬೇರೆ ಸವಾರಿ ಹಿಡಿದಿರಲಿಲ್ಲ. ನಮ್ಮನ್ನು ಕಂಡು ಎದ್ದ. ಅತ್ತೆಯನ್ನು ಕೇಳಲು ಧೈರ್ಯ ಬಾರದೆ ನನ್ನನ್ನು ಕೇಳಿದ.

"ಅಮ್ಮಾಗೆ?"

"ಕಾಣತ್ತೆ."

ಅವನು ಆಕಾಶದ ಕಡೆ ಮುಖಮಾಡಿ ಎರಡು ಕೈಯಿಂದ ಮುಖ ಸವರಿಕೊಂಡ. ಆ ಒಂದು ಕ್ಷಣ ಅವನು ನಮ್ಮ ಮನೆಯವನೇ ಆಗಿದ್ದ. ಮರುಕ್ಷಣ ವಾಪಸು ಬಾಡಿಗೆ ಹೇಳಿದ. ಅದು ಹಲಸೂರಿನವರ ಬಾಡಿಗೆಯಲ್ಲ, ಪೇಟೆಯವರದ್ದಲ್ಲ, ಸೋಲ್ಜರಿನದಕ್ಕಿಂತಲೂ ಮೇಲೆ. "ಕಾದಿದ್ದು ಸೇರಿ ಸಾಮಿ. ಮತ್ತೆ ನಿಧಾನಕ್ಕೆ ಹೋಗ್ಬೇಕಲ್ಲ, ನಿಧಾನಕ್ಕೆ ಹೋದ್ರೆ ನನಗೆ ನಷ್ಟ," ಎಂದ. ಅವನ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ.

ನಾನು ಅತ್ತೆಯ ಕಡೆ ತಿರುಗಿದೆ. ಅವಳು ಆ ದಪ್ಪ ಕನ್ನಡಕ ಹಾಕಿಕೊಂಡು ಕುದುರೆಯ ಮುಖಕ್ಕೆ ಒಂದು ಮೊಳ ದೂರದಲ್ಲಿ ನಿಂತಿದ್ದಳು. ಬಿಸಿಲಾಗಿತ್ತು. ಕುದುರೆ ಈಗ ಮುದಿ ಹಸುವಿನಷ್ಟು ಸಾಧು. ಅವಳು ನನ್ನ ಕಡೆ ನೋಡದೆ, "ಹೂಂ, ಕೊಟ್ಬಿಡು" ಎಂದಳು.

ಕೊಟ್ಟೆ. ಹಲಸೂರಿನವರೆಗೂ ಬಾಷಾ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆಸಿದ. ಬೇರೆ ಜಟಕಾದವರು ನಮ್ಮನ್ನು ದಾಟಿ ಹೋಗುತ್ತ, "ಏನ್ ಭಾಯ್, ಗಾಡೀಲಿ ಮೊಟ್ಟೆ ಇದೆಯಾ?" ಎಂದು ಕಿಚಾಯಿಸಿದರು. ಅತ್ತೆ ದಾರಿಯುದ್ದಕ್ಕೂ ಅದೇನು, ಇದೇನು ಎಂದು ಕೇಳಿದಳು. ಅವನು ಎಲೆ ಅಡಿಕೆ ಉಗಿದು ಉಗಿದು ಉತ್ತರ ಹೇಳಿದ.

ಅವಳು ಆ ಬಾಡಿಗೆಯನ್ನು ಚೌಕಾಸಿ ಮಾಡದೆ ಕೊಡಿಸಿದ್ದು ಉಪಕಾರ ಸ್ಮರಣೆಯಿಂದ ಎಂದು ನಾನು ವರ್ಷಗಟ್ಟಲೆ ಸ್ನೇಹಿತರಿಗೆ ಹೇಳಿಕೊಂಡು ಬಂದೆ. ಚೆನ್ನಾಗಿ ಕೂರುವ ಮಾತು. ಇದನ್ನು ಬರೆಯಲು ಕೂತ ಮೇಲೆ ಅವಳನ್ನೇ ಕೇಳಿದೆ. ಯಂತ್ರದ ಮುಂದೆ ಕೂತು ರವಿಕೆಯ ತೋಳು ಕೂಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಎಷ್ಟು ಕೇಳಿದ್ದ ಅವನು?"

ಹೇಳಿದೆ.

"ಅಷ್ಟಾ? ಬುದ್ಧಿ ಇದೆಯೇನೋ ನಿನಗೆ? ಯಾಕೆ ಕೊಟ್ಟೆ?"

"ನೀನೇ ಕೊಟ್ಬಿಡು ಅಂದೆ."

"ನನಗೆ ಕೇಳ್ಸಿದ್ರೆ ತಾನೆ. ಆ ಕುದುರೆ ಕಣ್ಣಿನ ಪಕ್ಕ ಒಂದು ನೊಣ ಕೂತಿತ್ತು. ಮುಂಗಾಲು ಒಂದಕ್ಕೊಂದು ಉಜ್ಕೊಳ್ತಿತ್ತು ಕಣೋ, ಕೈ ತೊಳ್ಕೊಳ್ತೀವಲ್ಲ, ಹಾಗೆ. ಎರಡು ಕಾಲೂ ಬೇರೆಬೇರೆ ಕಾಣ್ತಿತ್ತು."